ಒಗೆದು ಇಸ್ತ್ರಿ ಮಾಡಿದ ಅಂಗಿ

ನೀವು ಕರೆದಿದ್ದು ಕೋರ್ಟು ಕಚೇರಿಯ ಥ್ರಿಲ್ಲರ್‌ಗಳ ಬಗ್ಗೆ ಮಾತಾಡಲಿಕ್ಕೆ. ಮಗನ ಮೇಲೋ ಮಗಳ ಮೇಲೋ ಆರೋಪ ಬರುತ್ತದೆ, ಅಪ್ಪ ಅಮ್ಮ ಕಾಪಾಡಲು ಹೊರಡುತ್ತಾರೆ, ಅಂಥ ಕಥೆಗಳು. ಅಲ್ಲಿಗೆ ಬರುತ್ತೇನೆ. ಮೊದಲು ಒಂದು ಅಂಗಿಯ ವಿಷಯ ಹೇಳಿಬಿಡುತ್ತೇನೆ.

ನಾನು ಕ್ರಿಮಿನಲ್ ಕೇಸು ನಡೆಸಲು ಶುರು ಮಾಡಿ ಏಳೆಂಟು ವರ್ಷ ಆಗಿತ್ತು. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಆಫೀಸಿಗೆ ಬಂದರು. ಊರು, ಹೆಸರು ಬೇಡ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರು. ಯಜಮಾನರ ಕಿವಿ ಹಿಂದೆ ಇನ್ನೂ ರಾಗಿಹಿಟ್ಟು ಕೂತಿತ್ತು. ಜಾತ್ರೆಯಲ್ಲಿ ಹುಡುಗರ ಜಗಳ ಆಗಿತ್ತು. ಇವರ ಮಗನಿಗೆ 19 ವರ್ಷ. ಅವನು ತಳ್ಳಿದ ಹುಡುಗ ತೇರುಬೀದಿಯ ಕಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡಿದ್ದ. ಮೂಳೆ ಮುರಿದರೆ ಕಾನೂನು ಅದನ್ನು ಸಣ್ಣ ಗಾಯ ಅನ್ನುವುದಿಲ್ಲ. ಸ್ಟೇಷನ್ನಿನಲ್ಲಿ ಕೇಸಾಗಿತ್ತು.

ಆ ತಾಯಿ ಕೈಚೀಲದಿಂದ ನ್ಯೂಸ್‌ಪೇಪರ್ ಸುತ್ತಿದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ತೆಳು ನೀಲಿ ಗೆರೆಯ ತುಂಬುತೋಳಿನ ಅಂಗಿ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಅಂಗಡಿಯಿಂದ ತಂದ ಹಾಗೆ ಗುಂಡಿ ಹಾಕಿ ಮಡಿಸಿದ್ದರು.

‘ಅವತ್ತು ಅವನು ಹಾಕ್ಕೊಂಡಿದ್ದು ಇದೇ ಸಾರ್. ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಿ ತಿಕ್ಕಿದ್ದೀನಿ. ಒಂದು ಚುಕ್ಕೆ ಉಳಿದಿಲ್ಲ ನೋಡಿ.’

ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ರಕ್ತದ ಕಲೆಗೆ ಬಿಸಿನೀರು ಹಾಕಬಾರದು ಅಂತ ಗೊತ್ತಿರುವ ಹೆಂಗಸು. ನಾನು ಕೇಳಿದೆ: ‘ಯಾರ ರಕ್ತ ಅಮ್ಮ ಅದು?’

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರೂ ಮಗನನ್ನು ಕೇಳಿರಲಿಲ್ಲ. ಜಗಳ ಆದ ರಾತ್ರಿಯೇ ಅವನನ್ನು ಬಸ್ಸು ಹತ್ತಿಸಿ ಸೋದರತ್ತೆ ಮನೆಗೆ ಕಳಿಸಿದ್ದರು. ನಾಲ್ಕು ದಿನ ಆದಮೇಲೆ ಅವನನ್ನು ಕರೆಸಿದೆ. ಹುಡುಗ ನನ್ನೆದುರು ನಿಂತು ಹೇಳಿದ: ‘ನಂದೇ ಸಾರ್ ರಕ್ತ. ಅವನು ಮೊದಲು ಮೂಗಿಗೆ ಗುದ್ದಿದ. ಇನ್ನೊಂದು ಸಲ ಗುದ್ದೋಕೆ ಬಂದಾಗ ತಳ್ಳಿದೆ.’

ಗೊತ್ತಾಯ್ತಲ್ಲ? ಆ ಅಂಗಿ ಅವನ ಪರವಾಗಿ ಹೇಳಬಹುದಾಗಿದ್ದ ದೊಡ್ಡ ಸಾಕ್ಷಿ. ಆತ್ಮರಕ್ಷಣೆಗೆ ತಳ್ಳಿದೆ ಅನ್ನಲು ಅವನ ಮೂಗಿನ ರಕ್ತಕ್ಕಿಂತ ಒಳ್ಳೆಯ ಮಾತು ಬೇರೆ ಯಾವುದಿತ್ತು? ಅದನ್ನು ಅಮ್ಮ ಉಪ್ಪು ಹಾಕಿ ತೊಳೆದಿದ್ದರು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಡಾಕ್ಟರು ವೂಂಡ್ ಸರ್ಟಿಫಿಕೇಟ್ ಕೊಡುತ್ತಿದ್ದರು. ಅದನ್ನು ಅಪ್ಪ ಬಸ್ಸು ಹತ್ತಿಸಿ ಕಳಿಸಿದ್ದರು. ನಾಲ್ಕು ದಿನದಲ್ಲಿ ಊತ ಇಳಿದು ಮೂಗು ಸರಿಹೋಗಿತ್ತು. ಎದುರು ಪಾರ್ಟಿಯ ಹತ್ತಿರ ಮುರಿದ ಕೈಯ ಎಕ್ಸ್‌ರೇ ಇತ್ತು. ನಮ್ಮ ಹತ್ತಿರ ಒಂದು ಇಸ್ತ್ರಿ ಮಾಡಿದ ಅಂಗಿ.

ಈಗ ಕಾದಂಬರಿಗೆ ಬರೋಣ. 2012ರಲ್ಲಿ ಅಮೆರಿಕದಲ್ಲಿ ‘ಡಿಫೆಂಡಿಂಗ್ ಜೇಕಬ್’ ಅಂತ ಒಂದು ಕಾದಂಬರಿ ಬಂತು. ಬರೆದ ವಿಲಿಯಂ ಲ್ಯಾಂಡೇ ಮೊದಲು ಸರ್ಕಾರಿ ವಕೀಲರಾಗಿದ್ದವರು. 2020ರಲ್ಲಿ ಅದು ಸರಣಿಯಾಗಿ ಆ್ಯಪಲ್ ಟಿವಿಯಲ್ಲೂ ಬಂತು. ನಿಮ್ಮಲ್ಲಿ ಕೆಲವರು ನೋಡಿರಬಹುದು. ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಟನ್ ಎಂಬ ಊರು. ಶಾಲೆಗೆ ಹೋಗುವ ಹುಡುಗನೊಬ್ಬ ಪಾರ್ಕಿನಲ್ಲಿ ಚಾಕು ಇರಿತಕ್ಕೆ ಸಿಕ್ಕಿ ಸಾಯುತ್ತಾನೆ. ಆರೋಪ ಬರುವುದು ಅವನ ಸಹಪಾಠಿ, 14 ವರ್ಷದ ಜೇಕಬ್ ಮೇಲೆ. ಜೇಕಬ್‌ನ ಅಪ್ಪ ಅಲ್ಲಿನ ಸರ್ಕಾರಿ ವಕೀಲ. ಜೀವನಪೂರ್ತಿ ಬೇರೆಯವರ ಮಕ್ಕಳನ್ನು ಕಟಕಟೆಯಲ್ಲಿ ನಿಲ್ಲಿಸಿದವನು. ಅವನಿಗೆ ಮಗನ ಕೋಣೆಯಲ್ಲಿ ಒಂದು ಚಾಕು ಸಿಗುತ್ತದೆ. ಏನು ಮಾಡುತ್ತಾನೆ? ತೆಗೆದುಕೊಂಡು ಹೋಗಿ ಎಸೆದು ಬರುತ್ತಾನೆ.

ಕೊನೆಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಓದದವರು ನನ್ನನ್ನು ಬೈಯುವುದು ಬೇಡ. ಆ ಚಾಕು ಎಸೆಯುವ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ಯಾಕೆಂದರೆ ಈ ಅಪ್ಪ ‘ನನ್ನ ಮಗ ಮಾಡಿಲ್ಲ’ ಅಂತ ಇಡೀ ಪುಸ್ತಕದ ಉದ್ದಕ್ಕೂ ಹೇಳುತ್ತಾನೆ. ಹೆಂಡತಿಗೆ ಹೇಳುತ್ತಾನೆ, ಕೋರ್ಟಿಗೆ ಹೇಳುತ್ತಾನೆ, ನಮಗೆ ಹೇಳುತ್ತಾನೆ. ಮಾಡಿಲ್ಲ ಅಂದಮೇಲೆ ಚಾಕು ಯಾಕಪ್ಪ ಎಸೆದೆ? ಆ ಚಾಕುವನ್ನು ಲ್ಯಾಬಿಗೆ ಕಳಿಸಿದ್ದರೆ ‘ಇದರಲ್ಲಿ ಏನೂ ಇಲ್ಲ’ ಅಂತಲೂ ವರದಿ ಬರಬಹುದಿತ್ತಲ್ಲ? ಬಾಯಿ ‘ಇಲ್ಲ’ ಅನ್ನುತ್ತಿದೆ, ಕೈ ‘ಹೌದು’ ಅನ್ನುತ್ತಿದೆ. ಗಿರಣಿಯ ಅಮ್ಮ ಮಾಡಿದ್ದೂ ಅದೇ. ಪೊಲೀಸರು ಬರುವ ಮೊದಲೇ, ಜಡ್ಜು ಕೂರುವ ಮೊದಲೇ, ಮನೆಯ ಬಚ್ಚಲಲ್ಲಿ ಒಂದು ತೀರ್ಪು ಆಗಿಹೋಗಿತ್ತು.

ನಮ್ಮ ಕಾನೂನಿನ ಮಾತುಗಳಲ್ಲೇ ಇದು ಇದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 201ನೇ ಕಲಂ ಈಗ 238. ಸಾಕ್ಷ್ಯ ಇಲ್ಲದಂತೆ ಮಾಡುವ ಅಪರಾಧ ಅದು. ಮರಣದಂಡನೆ ಆಗಬಹುದಾದ ಅಪರಾಧದ ಸಾಕ್ಷ್ಯ ಅಳಿಸಿದರೆ 7 ವರ್ಷದವರೆಗೆ ಜೈಲು. ಆದರೆ ಅದರ ಮೊದಲ ಸಾಲು ನೋಡಿ. ಅಪರಾಧ ನಡೆದಿದೆ ಎಂದು ‘ಗೊತ್ತಿದ್ದು ಅಥವಾ ನಂಬಲು ಕಾರಣವಿದ್ದು’ ಅಳಿಸಿರಬೇಕು. ಅಂದರೆ ಸುಮ್ನೆ ಬಟ್ಟೆ ಒಗೆದವರೆಲ್ಲ ಅಪರಾಧಿಗಳಲ್ಲ. ನಂಬಿ ಒಗೆದವರು ಅಪರಾಧಿಗಳು. ಮಗ ತಪ್ಪು ಮಾಡಿದ್ದಾನೆ ಅಂತ ಆ ತಾಯಿ ನಂಬಿದ್ದರು. ಆದರೆ ಅವನು ಮಾಡಿದ್ದು ಆತ್ಮರಕ್ಷಣೆಯಾದರೆ ಅಲ್ಲಿ ಅಪರಾಧವೇ ಇಲ್ಲ. ಅಪರಾಧ ಇಲ್ಲದಿದ್ದರೆ ಈ ಕಲಮಿಗೆ ನಿಲ್ಲಲು ನೆಲ ಇಲ್ಲ. ಇದನ್ನು ಯೋಚಿಸುತ್ತಾ ನನಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಅದು ಬಿಡಿ.

ಇನ್ನೊಂದು ಕಲಂ ಇದೆ. ಅಪರಾಧಿಗೆ ಆಶ್ರಯ ಕೊಡುವುದು, ಬಚ್ಚಿಡುವುದು. ಹಳೆಯ 212, ಈಗ 249. ಇದರ ಕೊನೆಯಲ್ಲಿ ಒಂದು ವಿನಾಯಿತಿ ಇದೆ. ಯಾರಿಗೆ ಹೇಳಿ ನೋಡೋಣ? ಒಬ್ಬರು ‘ತಾಯಿಗೆ’ ಅಂದರು. ಅಲ್ಲ. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ. ಅಷ್ಟೇ. ಗಂಡ ಕೊಲೆ ಮಾಡಿ ಬಂದರೆ ಹೆಂಡತಿ ಅಟ್ಟದ ಮೇಲೆ ಬಚ್ಚಿಟ್ಟು ಅನ್ನ ಹಾಕಬಹುದು, ಈ ಕಲಂ ಅವಳನ್ನು ಮುಟ್ಟುವುದಿಲ್ಲ. ಮಗ ಬಂದರೆ ಅದೇ ಅಟ್ಟ, ಅದೇ ಅನ್ನ, 5 ವರ್ಷದವರೆಗೆ ಜೈಲು. ಸಾಕ್ಷಿ ಹೇಳುವ ವಿಷಯದಲ್ಲೂ ಹಾಗೇ. ಗಂಡ ಹೆಂಡತಿ ಗುಟ್ಟಾಗಿ ಆಡಿಕೊಂಡ ಮಾತನ್ನು ಹೇಳು ಅಂತ ಸಾಮಾನ್ಯವಾಗಿ ಕೋರ್ಟು ಒತ್ತಾಯಿಸುವಂತಿಲ್ಲ. ಮಗ ರಾತ್ರಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅಳುತ್ತಾ ಹೇಳಿದ ಮಾತಿಗೆ ಅಂಥ ಬೇಲಿ ಇಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾವು ಅನ್ನುತ್ತೇವೆ. 1860ರ ಐಪಿಸಿ ಬರೆದವರಿಗೆ ಈ ಗಾದೆ ಗೊತ್ತಿರಲಿಲ್ಲವೋ ಏನೋ. ಇಂಗ್ಲೆಂಡಿನಲ್ಲಿ ಗಂಡ ಹೆಂಡತಿಯನ್ನು ಕಾನೂನು ಒಂದೇ ಜೀವ ಅಂತ ಎಣಿಸುತ್ತಿದ್ದ ಕಾಲ ಅದು. ಮಗ ಬೇರೆ ಜೀವ. ಆ ಲೆಕ್ಕ ಹಡಗು ಹತ್ತಿ ಇಲ್ಲಿಗೆ ಬಂತು, ಇಲ್ಲೇ ಉಳಿಯಿತು. ಹೊಸ ಸಂಹಿತೆಯಲ್ಲಿ ‘ಗಂಡ ಅಥವಾ ಹೆಂಡತಿ’ ಅನ್ನುವಲ್ಲಿ ‘ಸಂಗಾತಿ’ ಅಂತಾಯಿತು, ತಾಯಿ ತಂದೆ ಮಾತ್ರ ಹೊರಗೇ ಉಳಿದರು.

ಎಲ್ಲ ದೇಶವೂ ಹೀಗೆ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಮಗನ ವಿರುದ್ಧ ಸಾಕ್ಷಿ ಹೇಳಲ್ಲ ಅಂತ ಅಪ್ಪ ಅಮ್ಮ ಕೋರ್ಟಿನಲ್ಲೇ ಹೇಳಬಹುದು, ಅದು ಅವರ ಹಕ್ಕು. ಹತ್ತಿರದ ಸಂಬಂಧಿಯನ್ನು ಶಿಕ್ಷೆಯಿಂದ ತಪ್ಪಿಸಲು ಹೋದವರಿಗೂ ಅಲ್ಲಿ ಶಿಕ್ಷೆ ಇಲ್ಲ. ಫ್ರಾನ್ಸಿನಲ್ಲಿ ಅಪರಾಧಿಗೆ ಆಶ್ರಯ ಕೊಡುವ ಅಪರಾಧದಿಂದ ತಂದೆ ತಾಯಿಯನ್ನು ಹೊರಗಿಟ್ಟಿದ್ದಾರೆ. ಜಪಾನಿನಲ್ಲಿ ಸಂಬಂಧಿಕರು ಬಚ್ಚಿಟ್ಟರೆ ಜಡ್ಜು ಶಿಕ್ಷೆ ಮಾಫಿ ಮಾಡಬಹುದು. ಚೀನಾದ ಕನ್‌ಫ್ಯೂಷಿಯಸ್ ಹತ್ತಿರ ಒಬ್ಬ ಅಧಿಪತಿ ಜಂಬ ಕೊಚ್ಚಿಕೊಂಡನಂತೆ: ನಮ್ಮ ಊರಿನವರು ಎಷ್ಟು ನೆಟ್ಟಗಿನವರು ಅಂದರೆ, ಅಪ್ಪ ಕುರಿ ಕದ್ದರೆ ಮಗನೇ ಸಾಕ್ಷಿ ಹೇಳುತ್ತಾನೆ ಅಂತ. ಅದಕ್ಕೆ ಕನ್‌ಫ್ಯೂಷಿಯಸ್ ಅಂದಿದ್ದು: ನಮ್ಮ ಕಡೆ ಅಪ್ಪ ಮಗನನ್ನು ಮುಚ್ಚಿಡುತ್ತಾನೆ, ಮಗ ಅಪ್ಪನನ್ನು ಮುಚ್ಚಿಡುತ್ತಾನೆ, ನೆಟ್ಟಗಿರುವುದು ಅದರೊಳಗೇ ಇದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಜಗಳ ಇದು. ಜೇಕಬ್ ಕಥೆ ನಡೆಯುವ ಮ್ಯಾಸಚೂಸೆಟ್ಸ್‌ನಲ್ಲೇ 2018ರಲ್ಲಿ ಕಾನೂನು ಬದಲಾಯಿತು. ಈಗ ಅಲ್ಲಿ ಅಪ್ರಾಪ್ತ ಮಗುವಿನ ವಿರುದ್ಧ ತಂದೆ ತಾಯಿ ಸಾಕ್ಷಿ ಹೇಳುವಂತಿಲ್ಲ, ಅಪರಾಧ ಮನೆಯವರ ಮೇಲೇ ನಡೆದಿದ್ದರೆ ಮಾತು ಬೇರೆ. ಆ ಕಾದಂಬರಿಯಲ್ಲಿ ಅಪ್ಪನನ್ನೇ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೇ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಮಂಡಳಿ, ಅದರ ಮುಂದೆ ಕೂರಿಸಿ ಪ್ರಶ್ನೆ ಕೇಳುವ ದೃಶ್ಯಗಳು ಬರುತ್ತವೆ. ಈಗ ಬರೆಯುವವರು ಅಂಥ ಕಡೆ ಈ ಕಾನೂನನ್ನು ಗಮನದಲ್ಲಿಟ್ಟುಕೊಂಡೇ ಬರೆಯಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಸಾಕ್ಷಿಯ ವಿಷಯದಲ್ಲಿ ನಮಗೂ ಅಂಥದ್ದೊಂದು ಬೇಕು. ತಾಯಿಯನ್ನು ಕಟಕಟೆ ಹತ್ತಿಸಿ ಮಗನ ವಿರುದ್ಧ ಮಾತಾಡಿಸಿದರೆ ಒಂದೋ ಸುಳ್ಳು ಬರುತ್ತದೆ, ಇಲ್ಲ ಮನೆ ಒಡೆಯುತ್ತದೆ. ಆದರೆ ಅಂಗಿ ತೊಳೆಯಲು, ಚಾಕು ಎಸೆಯಲು ವಿನಾಯಿತಿ ಕೊಡಿ ಅಂತ ನಾನು ಕೇಳುವುದಿಲ್ಲ. ಸುಮ್ಮನಿರುವುದು ಬೇರೆ, ಅಳಿಸುವುದು ಬೇರೆ.

ಮೊದಲ ಸಾಲಿನಲ್ಲಿ ಕೂತವರು ಆಗಲೇ ‘ದೃಶ್ಯ’ ಅಂತ ಪಿಸುಗುಟ್ಟಿದ್ದು ಕೇಳಿಸಿತು. ಬರಬೇಕಾದ ಹೆಸರೇ. 2013ರಲ್ಲಿ ಮಲಯಾಳದಲ್ಲಿ ಬಂದ ಸಿನಿಮಾ, ಮರುವರ್ಷ ರವಿಚಂದ್ರನ್ ನಟಿಸಿ ಕನ್ನಡದಲ್ಲೂ ಬಂತು. ಕೇಬಲ್ ಟಿವಿ ನಡೆಸುವ ಅಪ್ಪ, ಸಿನಿಮಾ ನೋಡಿ ನೋಡಿ ಕಲಿತ ಬುದ್ಧಿ. ಥಿಯೇಟರಿನಲ್ಲಿ ಜನ ಚಪ್ಪಾಳೆ ತಟ್ಟಿದ್ದು ನೆನಪಿದೆ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಮನೆಗೆ ಬರುವಾಗ ವಕೀಲನ ತಲೆ ಸುಮ್ಮನಿರಬೇಕಲ್ಲ. ಆ ಅಪ್ಪನ ಮಗಳು ಒಬ್ಬ ಹುಡುಗನಿಗೆ ಹೊಡೆಯುತ್ತಾಳೆ, ಅವನು ಸಾಯುತ್ತಾನೆ. ಆ ಹುಡುಗಿ ಹೊಡೆದಿದ್ದು ಯಾಕೆ? ವೀಡಿಯೊ ಇಟ್ಟುಕೊಂಡು ಬೆದರಿಸಿ, ತಾಯಿ ಮಗಳ ಮಾನಕ್ಕೆ ಕೈಹಾಕಲು ಬಂದವನು ಅವನು. ಅತ್ಯಾಚಾರ ಮಾಡುವ ಉದ್ದೇಶದಿಂದ ಮೇಲೆ ಬಿದ್ದವನನ್ನು ತಡೆಯುವಾಗ ಅವನು ಸತ್ತರೂ ಅದು ಅಪರಾಧವಲ್ಲ ಅಂತ ನಮ್ಮ ಕಾನೂನೇ ಹೇಳುತ್ತದೆ. ಅಂದು ಐಪಿಸಿ 100, ಇಂದು ಸಂಹಿತೆಯ 38. ಗಟ್ಟಿ ವಕೀಲ ಸಿಕ್ಕಿದ್ದರೆ ಆ ಹುಡುಗಿಯ ಪರವಾಗಿ ವಾದಿಸಲು ತುಂಬಾ ಇತ್ತು. ಹೆಣ ಹೂತಾಗ ಆ ವಾದವನ್ನೂ ಜೊತೆಗೆ ಹೂತರು. ಅಲ್ಲಿಂದ ಮುಂದೆ ಅಪ್ಪನ ಜಾಣತನವೆಲ್ಲ ಅಪರಾಧ ಆಗದೆ ಇರಬಹುದಾಗಿದ್ದ ಒಂದು ಘಟನೆಯ ಮೇಲೆ ನಿಜವಾದ ಅಪರಾಧಗಳನ್ನು ಪೇರಿಸುವ ಕೆಲಸ. ಎದುರಿಗೆ ಪೊಲೀಸ್ ದೊಡ್ಡ ಅಧಿಕಾರಿಯೇ ಸತ್ತವನ ತಾಯಿ, ಅವರಿಗೆ ಬೇರೆ ದಾರಿ ಎಲ್ಲಿತ್ತು ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಠಾಣೆಗೆ ಹೋದರೆ ನ್ಯಾಯ ಸಿಗುತ್ತದೆ ಅನ್ನುವ ನಂಬಿಕೆ ಇದ್ದಿದ್ದರೆ ಆ ಸಿನಿಮಾಕ್ಕೆ ಕಥೆಯೇ ಇರುತ್ತಿರಲಿಲ್ಲ.

ಈ ಕಥೆಗಳಲ್ಲಿ ಇನ್ನೊಂದು ಗಮನಿಸಿ. ಅಪ್ಪ ಅಮ್ಮ ಇಬ್ಬರೂ ಒಂದೇ ಕಡೆ ಇದ್ದರೆ ಕಥೆ ಹತ್ತಿಕೊಳ್ಳುವುದಿಲ್ಲ. ಒಬ್ಬರಿಗೆ ಸಂಶಯ ಬರಬೇಕು. ಜೇಕಬ್‌ನ ಅಪ್ಪ ಕಣ್ಣು ಮುಚ್ಚುತ್ತಾನೆ, ಅಮ್ಮ ತೆರೆಯುತ್ತಾಳೆ. ನಮಗೆ ಇದು ಹೊಸದಲ್ಲ. ಧೃತರಾಷ್ಟ್ರ ಕಣ್ಣಿಲ್ಲದವನು, ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು. ಆದರೂ ಮಗನನ್ನು ನೋಡಿದವಳು ಅವಳೇ. ಜೂಜಿನ ಸಭೆಯಲ್ಲಿ ಮುದುಕ ‘ಗೆದ್ದೆವಾ, ಗೆದ್ದೆವಾ’ ಅಂತ ಕೇಳುತ್ತಾ ಕೂತಿದ್ದ. ಎರಡನೇ ಸಲ ಜೂಜಿಗೆ ಕರೆಯುವಾಗ ಗಾಂಧಾರಿ ಬಂದು ಈ ಮಗನನ್ನು ಬಿಟ್ಟುಬಿಡಿ ಅಂದಳು. ಕೇಳಲಿಲ್ಲ. ಯುದ್ಧಕ್ಕೆ ಹೊರಟ ಮಗ ಆಶೀರ್ವಾದ ಕೇಳಿದಾಗ ಧರ್ಮ ಇರುವ ಕಡೆ ಗೆಲುವು ಅಂದಳೇ ಹೊರತು ‘ನಿನಗೆ ಗೆಲುವು’ ಅನ್ನಲಿಲ್ಲ. ಅದೇ ಗಾಂಧಾರಿ ಮಕ್ಕಳೆಲ್ಲ ಸತ್ತಮೇಲೆ ಕೃಷ್ಣನಿಗೆ ಶಾಪ ಕೊಟ್ಟಳು. ತಾಯಿ ಅಂದರೆ ಹಾಗೆ, ಎರಡೂ ಅವಳೇ.

ಈಗ ಕಥೆಯಲ್ಲದ ಒಂದು ವಿಷಯ. 2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿತು. ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಬಾಲ ನ್ಯಾಯ ಮಂಡಳಿ ಅವತ್ತೇ ಜಾಮೀನು ಕೊಟ್ಟಿತು. 300 ಪದಗಳ ಪ್ರಬಂಧ ಬರೆಯಬೇಕು ಅನ್ನುವ ಷರತ್ತು ಕೇಳಿ ದೇಶಕ್ಕೆ ದೇಶವೇ ಸಿಟ್ಟಾಯಿತು. ಆಮೇಲೆ ಪೊಲೀಸರು ಮಾಡಿದ ಆರೋಪ ಇನ್ನೂ ದೊಡ್ಡದು. ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಮಾದರಿ ತೆಗೆದು, ಅದರ ಜಾಗದಲ್ಲಿ ತಾಯಿಯ ರಕ್ತ ಇಟ್ಟರು. ಮನೆಯ ಡ್ರೈವರಿಗೆ ‘ನಾನೇ ಓಡಿಸುತ್ತಿದ್ದೆ ಅಂತ ಒಪ್ಪಿಕೋ’ ಎಂದು ಒತ್ತಾಯ ಮಾಡಿದರು. ಅಪ್ಪ, ಅಮ್ಮ, ತಾತ ಮೂವರೂ ಬಂಧನಕ್ಕೆ ಒಳಗಾದರು. ಇವು ಆರೋಪಗಳು. ಕೋರ್ಟು ಹೇಳುವ ಮೊದಲು ನಾನು ಹೇಳುವಂತಿಲ್ಲ.

ಆದರೆ ಯಾರಾದರೂ ನನ್ನ ಗಿರಣಿಯ ಅಮ್ಮನ ಪಕ್ಕದಲ್ಲಿ ಈ ಆರೋಪವನ್ನು ಇಟ್ಟು ನೋಡಿ. ಬಡವರ ಮನೆಯಲ್ಲಿ ಉಪ್ಪು, ತಣ್ಣೀರು, ಬಸ್ ಟಿಕೆಟ್ಟು. ದುಡ್ಡಿದ್ದವರ ಮೇಲಿನ ಆರೋಪದಲ್ಲಿ ಸಿರಿಂಜು, ಸಹಿ, ಬಾಡಿಗೆಗೆ ಸಿಗುವ ಇನ್ನೊಬ್ಬನ ತಪ್ಪೊಪ್ಪಿಗೆ. ಆ ಡ್ರೈವರಿಗೂ ಒಬ್ಬ ತಾಯಿ ಇರುತ್ತಾಳಲ್ಲ? ಥ್ರಿಲ್ಲರ್ ಓದುವಾಗ ನಾವು ಆರೋಪಿಯ ಮನೆಯೊಳಗೆ ಕೂತಿರುತ್ತೇವೆ, ಸೋಫಾ ಮೇಲೆ. ಸತ್ತವರ ಮನೆಗೆ ಕಥೆ ಎರಡು ಮೂರು ಪುಟಕ್ಕಷ್ಟೇ ಹೋಗಿ ಬರುತ್ತದೆ. ಈ ಬಗೆಯ ಪುಸ್ತಕಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ಪುಣೆ ಕೇಸಿನಲ್ಲಿ ನನ್ನನ್ನು ಕಾಡಿದ್ದು ಇನ್ನೂ ಒಂದಿದೆ. 18 ತುಂಬದವನಿಗೆ ಕಾನೂನು ಆಗಲೇ ಎಷ್ಟು ರಕ್ಷಣೆ ಕೊಟ್ಟಿದೆ ಅನ್ನುವುದು ಹೆಚ್ಚಿನ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರು ಮಾಡಬೇಕು. ತಂದೆ ತಾಯಿಗೆ ತಿಳಿಸಬೇಕು. ಹೆಸರು, ಫೋಟೊ ಪೇಪರಿನಲ್ಲಿ ಹಾಕುವಂತಿಲ್ಲ. ಜಾಮೀನು ಕೊಡುವುದೇ ನಿಯಮ, ಕೊಡದಿರಲು ಕಾರಣ ಬೇಕು. 16ರಿಂದ 18ರ ನಡುವಿನವನು ಹೇಯ ಅಪರಾಧ ಮಾಡಿದ ಆರೋಪ ಇದ್ದರೆ ಮಾತ್ರ, ದೊಡ್ಡವರ ಹಾಗೆ ವಿಚಾರಣೆ ಆಗಬೇಕೇ ಅಂತ ಮಂಡಳಿ ನೋಡುತ್ತದೆ. ಜೇಕಬ್ 14 ವರ್ಷದವನು. ನಮ್ಮಲ್ಲಾಗಿದ್ದರೆ ಅವನ ಕೇಸು ಮಂಡಳಿ ಬಿಟ್ಟು ಆಚೆ ಹೋಗುತ್ತಲೇ ಇರಲಿಲ್ಲ. ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ. ಆ ಕಾದಂಬರಿಯನ್ನು ಮೈಸೂರಿಗೆ ತಂದು ಬರೆಯಲು ಹೋದರೆ ಅರ್ಧ ಕಥೆ ಬಿದ್ದುಹೋಗುತ್ತದೆ.

ಬದಲಿಗೆ ಬೇರೆ ಕಥೆ ಸಿಗುತ್ತದೆ. ವಯಸ್ಸಿನ ಕಥೆ. ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1? ಕೈ ಎತ್ತಬೇಡಿ, ನಂದೂ ಅದೇ. ಹೆಡ್‌ಮೇಷ್ಟ್ರು ಬರೆದುಕೊಂಡಿದ್ದು. ಶಾಲೆಗೆ ಬೇಗ ಸೇರಿಸಬೇಕು ಅಂತ ಅಪ್ಪ ಒಂದು ವರ್ಷ ಜಾಸ್ತಿ ಹೇಳಿರುತ್ತಾನೆ. ಕೇಸು ಬಂದಾಗ ಕಾಯ್ದೆ ಮೊದಲು ನೋಡುವುದೇ ಶಾಲೆಯ ದಾಖಲೆಯನ್ನು. ಅದಿಲ್ಲದಿದ್ದರೆ ನಗರಸಭೆ, ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಒಂದು ವರ್ಷ ಮುಂಚೆ ಅಕ್ಷರ ಕಲಿಯಲಿ ಅಂತ ಬರೆಸಿದ ಸುಳ್ಳು, ಮಗನನ್ನು ಮಂಡಳಿಯಿಂದ ಎತ್ತಿ ದೊಡ್ಡವರ ಕೋರ್ಟಿಗೆ, ದೊಡ್ಡವರ ಜೈಲಿಗೆ ಹಾಕಬಹುದು. ಬರೆಯುವವರು ಯಾರಾದರೂ ಇಲ್ಲಿದ್ದರೆ ತೆಗೆದುಕೊಳ್ಳಿ, ಇದು ನಮ್ಮ ನೆಲದ ಥ್ರಿಲ್ಲರ್.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಗಾಯ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಟ್ಟೆ, ಫೋನು ಯಾವುದನ್ನೂ ಮುಟ್ಟಬೇಡಿ. ವಕೀಲರ ಹತ್ತಿರ ಬನ್ನಿ. ನೀವು ಬಾಯಿಬಿಟ್ಟು ಹೇಳಿದ್ದನ್ನು ವಕೀಲ ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವಂತಿಲ್ಲ, ಅದಕ್ಕೆ ಕಾನೂನಿನ ಬೇಲಿ ಇದೆ. ಆದರೆ ‘ಈ ಅಂಗಿ ಬಚ್ಚಿಡಿ ಸಾರ್’ ಅಂದರೆ ಬೇಲಿ ಅಲ್ಲಿಗೆ ಮುಗಿಯಿತು. ಮಾತಿಗೆ ರಕ್ಷಣೆ, ಅಂಗಿಗಲ್ಲ.

ಹಾಗಾಗಿ ಆ ಪೊಟ್ಟಣವನ್ನು ನಾನು ಇಟ್ಟುಕೊಳ್ಳಲಿಲ್ಲ. ಯಜಮಾನರೇ ತೆಗೆದುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕೊಟ್ಟರು. ಮಹಜರಿನಲ್ಲಿ ಬರೆದುಕೊಂಡರು: ‘ಒಗೆದು ಇಸ್ತ್ರಿ ಮಾಡಿದ ತೆಳು ನೀಲಿ ಗೆರೆಯ ತುಂಬುತೋಳಿನ ಅಂಗಿ, ಒಂದು.’ ಮೂರು ವರ್ಷ ಕೋರ್ಟಿಗೆ ಅಲೆದೆವು. ಕೊನೆಗೆ ಎರಡೂ ಕಡೆಯವರನ್ನು ಕೂರಿಸಿ, ಆಸ್ಪತ್ರೆ ಖರ್ಚು ಕೊಡಿಸಿ, ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಸಿದೆ. ಗೆಲ್ಲಬಹುದಾಗಿದ್ದ ಕೇಸು.

ರಾಜಿ ಅರ್ಜಿಗೆ ಸಹಿ ಹಾಕಿದ ದಿನ ಕೋರ್ಟಿನ ವರಾಂಡದ ಬೆಂಚಿನ ಮೇಲೆ ತಾಯಿ ಮಗ ಕೂತಿದ್ದರು. ನಾನು ಕೋಟು ಕಳಚುತ್ತಾ ಹಿಂದೆ ನಿಂತಿದ್ದೆ. ಹುಡುಗ ಕೇಳಿದ:

‘ಅಲ್ಲಮ್ಮ, ಒಗೆಯೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?’

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಕೇಳಿ, ನೀನು ಹೌದು ಅಂದುಬಿಟ್ಟಿದ್ರೆ?’